ಅತ್ತೆಯವರ ಜೊತೆ ಗುಡ್ಡ ಹತ್ತಿದ್ದು

ನನಗೆ ಅರವತ್ತು ತುಂಬಿದ್ದು ಎರಡು ಸಲ. ಮೊದಲನೆಯದು ಜೂನ್ ಒಂದನೇ ತಾರೀಖು. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಬರೆದುಕೊಳ್ಳುತ್ತಿದ್ದ ತಾರೀಖು ಅದು. ಆಧಾರ್ ಕಾರ್ಡಿನಲ್ಲೂ ಅದೇ ಇದೆ. ಆವತ್ತು ಬ್ಯಾಂಕಿನಿಂದ ಮೊಬೈಲಿಗೆ ಒಂದು ಶುಭಾಶಯ ಬಂತು, ಅಷ್ಟೇ. ಎರಡನೆಯದು ವಿಜಯದಶಮಿ ಕಳೆದ ಮೂರನೆಯ ದಿನ. ಬನ್ನಿ ಕೊಟ್ಟು ಮೂರು ದಿನಕ್ಕೆ ಹೊಲದಲ್ಲಿ ಶೇಂಗಾ ಕೀಳುವಾಗ ನೋವು ಶುರುವಾಯಿತು ಎಂದು ನಮ್ಮವ್ವ ಹೇಳುತ್ತಿದ್ದುದನ್ನು ಕೇಳಿ, ನನ್ನ ಹೆಂಡತಿ ಮದುವೆಯಾದ ವರ್ಷವೇ ಆ ದಿನವನ್ನು ಹಿಡಿದು ಇಟ್ಟುಕೊಂಡಿದ್ದಳು. ಪ್ರತಿ ವರ್ಷ ಆ ದಿನ ಶಾವಿಗೆ ಪಾಯಸ ಮಾಡಿ, ಮಧ್ಯಾಹ್ನದವರೆಗೆ ಅಂಗಡಿ ತೆಗೆಯಬೇಡಿ ಎಂದು ಹಟ ಹಿಡಿಯುತ್ತಿದ್ದಳು.

ಈ ವರ್ಷ ಅವಳಿಲ್ಲ. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಹೋದಳು. ಕಿಡ್ನಿ ಕೆಟ್ಟು ಎರಡು ವರ್ಷ ದಾವಣಗೆರೆಗೆ ಅಲೆದಾಡಿದ್ದೆವು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ನಾನು ಬರೆಯಬೇಕೆಂದು ಕೂತಿರುವುದು ಅವಳು ಹೋದ ಮೇಲೆ ಮನೆಯಲ್ಲಿ ಉಳಿದ ಇಬ್ಬರ ಬಗ್ಗೆ. ಒಬ್ಬ ನಾನು. ಇನ್ನೊಬ್ಬರು ಅವಳ ತಾಯಿ, ನನ್ನ ಅತ್ತೆ.

ಅತ್ತೆ ನಮ್ಮ ಚಳ್ಳಕೆರೆಯ ಮನೆಗೆ ಬಂದು ಹತ್ತು ವರ್ಷದ ಮೇಲಾಯಿತು. ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಬಂದವರನ್ನು ಮಗಳು ವಾಪಸ್ ಕಳಿಸಲಿಲ್ಲ. ಮಗ ಇರುವಾಗ ಅಳಿಯನ ಮನೆಯಲ್ಲಿರುವುದು ಏನು ಚಂದ ಎಂದು ಜನ ಆಡಿಕೊಂಡರು. ಮೊಳಕಾಲ್ಮೂರಿನಲ್ಲಿರುವ ಬಾಮೈದನದು ಸಣ್ಣ ಮನೆ, ಅದರಲ್ಲೂ ಮುಂದಿನ ಕೋಣೆಯನ್ನೆಲ್ಲ ಸೀರೆ ನೇಯುವ ಮಗ್ಗ ನುಂಗಿತ್ತು. ಅವನು ಆಗ ಏನೂ ಅನ್ನಲಿಲ್ಲ.

ಹತ್ತು ವರ್ಷ ಒಂದೇ ಮನೆಯಲ್ಲಿದ್ದರೂ ನಾನೂ ಅತ್ತೆಯೂ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವೇನೂ ಇಲ್ಲ. ನಮ್ಮ ಕಡೆ, ಅದರಲ್ಲೂ ಕುರಿ ಕಾಯುವ ಮನೆತನಗಳಲ್ಲಿ, ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ನಾನು ಪಡಸಾಲೆಗೆ ಬಂದರೆ ಅವರು ಸೆರಗು ತಲೆಯ ಮೇಲೆಳೆದುಕೊಂಡು ಅಡುಗೆಮನೆಯ ಬಾಗಿಲ ಹಿಂದೆ ಸರಿಯುತ್ತಿದ್ದರು. ಅದು ಮರ್ಯಾದೆ. ನಾನೂ ಅತ್ತ ನೋಡುತ್ತಿರಲಿಲ್ಲ, ಅದೂ ಮರ್ಯಾದೆ. ಏನಾದರೂ ಹೇಳುವುದಿದ್ದರೆ ನಡುವೆ ಅವಳಿದ್ದಳು. ಇವತ್ತು ಸಾರಿಗೆ ಉಪ್ಪು ಕಡಿಮೆ ಎಂದು ನಾನಂದರೆ ಅವಳು ಒಳಗೆ ಹೋಗಿ, ಸಾರು ಬಾಳ ಚೆನ್ನಾಗೈತಂತೆ ಕಣವ್ವ, ಇನ್ನೊಂದು ಚೂರು ಉಪ್ಪು ಬಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತಂತೆ ಎನ್ನುವಳು. ನನಗೆ ಕೇಳಿಸುತ್ತಿತ್ತು. ಅತ್ತೆಗೂ ನನ್ನ ಮೊದಲ ಮಾತು ಕೇಳಿಸಿರುತ್ತಿತ್ತು. ಆದರೂ ಅವಳ ಬಾಯಿಂದ ಹಾದು ಬಂದ ಮೇಲೆಯೇ ಅದು ಮಾತಾಗುತ್ತಿದ್ದುದು.

ಅವಳು ಹೋದ ಮೇಲೆ ಮಗಳು ಒಂದು ತಿಂಗಳು ನಮ್ಮ ಜೊತೆ ಇದ್ದು, ಆಮೇಲೆ ಹಿರಿಯೂರಿಗೆ ತನ್ನ ಮನೆಗೆ ಹೋದಳು. ಅವಳು ಅಲ್ಲಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಬಸ್ಸು ಹತ್ತಿಸಿ ಮನೆಗೆ ಬಂದಾಗ ನನಗೆ ಗೊತ್ತಾಯಿತು, ಇನ್ನು ಮೇಲೆ ಈ ಮನೆಯಲ್ಲಿ ಮಾತು ಒಯ್ಯುವವರು ಯಾರೂ ಇಲ್ಲ ಎಂದು.

ಹಿತ್ತಲಲ್ಲಿ ಒಂದು ಮೇಕೆ ಇತ್ತು. ಅತ್ತೆ ಅದರ ಜೊತೆ ಮಾತಾಡಲು ಶುರುಮಾಡಿದರು. ನಾನು ಸ್ನಾನ ಮಾಡಿ ಬರುವ ಹೊತ್ತಿಗೆ ಸರಿಯಾಗಿ, ಅಕ್ಕಿ ಮುಗೀತು ಕಣೇ, ಇವತ್ತೊಂದಿನಕ್ಕೆ ಆಗ್ತೈತೆ, ನಾಳೆಗಿಲ್ಲ ಎಂದು ಮೇಕೆಗೆ ಹೇಳುವರು. ನಾನು ಸಂಜೆ ಅಕ್ಕಿ ತಂದು ಪಡಸಾಲೆಯಲ್ಲಿಟ್ಟು, ಗೋಡೆಯ ಕಡೆ ತಿರುಗಿ, ಬುಧವಾರ ಕರೆಂಟ್ ಇರಲ್ವಂತೆ, ನೀರು ಹಿಡಿದಿಟ್ಟುಕೋಬೇಕು ಎನ್ನುವೆ. ನಗು ಬರುವಂಥ ಸಂಗತಿಯೇ. ಆದರೆ ನಗುವವಳು ಇರಲಿಲ್ಲವಾದ್ದರಿಂದ ನಾವಿಬ್ಬರೂ ಇದನ್ನು ಬಹಳ ಗಂಭೀರವಾಗಿ ಮಾಡುತ್ತಿದ್ದೆವು. ನನ್ನದು ಹಿಂಡಿ, ಬೂಸಾ ಮಾರುವ ಅಂಗಡಿ. ಮಧ್ಯಾಹ್ನ ಮನೆಗೆ ಬಂದರೆ ತಟ್ಟೆಯಲ್ಲಿ ಮುದ್ದೆ ಇಟ್ಟು ಮೇಲೆ ಇನ್ನೊಂದು ತಟ್ಟೆ ಮುಚ್ಚಿರುತ್ತಿತ್ತು. ಅತ್ತೆ ಹಿತ್ತಲಲ್ಲಿರುತ್ತಿದ್ದರು. ಉಂಡು ಕೈ ತೊಳೆದು ಹೊರಗೆ ಹೋಗುವಾಗ ಚಪ್ಪಲಿಯನ್ನು ಸ್ವಲ್ಪ ಜೋರಾಗಿ ಎಳೆದು ಸದ್ದು ಮಾಡುತ್ತಿದ್ದೆ, ಅವರು ಒಳಗೆ ಬಂದು ಉಣ್ಣಲಿ ಎಂದು.

ಮುದ್ದೆಯ ಗಾತ್ರ, ಅದರ ಮೇಲೆ ಒದ್ದೆ ಕೈಯಿಂದ ಸವರಿದ ನುಣುಪು, ಸಾರಿನಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕುವ ರೀತಿ, ಎಲ್ಲ ಅವಳದೇ. ಅವಳು ಕಲಿತದ್ದು ಇವರಿಂದ ತಾನೆ. 

ಶ್ರಾವಣ ಕಳೆದ ಮೇಲೆ ಬಾಮೈದ ಒಂದು ದಿನ ಅಂಗಡಿಗೇ ಬಂದ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಮಗ್ಗವನ್ನು ಹಿಂದಿನ ಕೋಣೆಗೆ ಹಾಕಿಸಿದ್ದೇನೆ, ಈಗ ಜಾಗವಿದೆ ಎಂದ. ಅಕ್ಕ ಇರುವವರೆಗೆ ಸರಿ, ಇನ್ನು ಅವ್ವನನ್ನು ಇಲ್ಲಿ ಬಿಟ್ಟರೆ ಜನ ನನ್ನನ್ನು ಏನಂದಾರು, ನಿಮಗೂ ಕಷ್ಟ ಎಂದ. ನೀವೇನಂತೀರಿ ಭಾವ ಎಂದು ಕೇಳಿದ.

ಬೇಡ, ಇಲ್ಲೇ ಇರಲಿ ಎಂದು ನನಗೆ ಹೇಳಬೇಕೆನಿಸಿತ್ತು. ಆದರೆ ಹೆಂಡತಿ ಇಲ್ಲದ ಮನೆಯಲ್ಲಿ ಅತ್ತೆಯನ್ನು ಇಟ್ಟುಕೊಳ್ಳುತ್ತೇನೆ ಎನ್ನಲು ನನಗೆ ಯಾವ ಹಕ್ಕಿದೆ? ಅವರಿಗೆ ಮಗನ ಮನೆಗೆ ಹೋಗುವ ಆಸೆ ಇದ್ದರೆ? ಮುಖ ಮುಚ್ಚಿಕೊಂಡು, ಬಾಗಿಲ ಹಿಂದೆ ಸರಿದು ಬದುಕುವುದರಿಂದ ಅವರಿಗೂ ಬಿಡುಗಡೆಯಲ್ಲವೇ? ಅವರಿಗೆ ಹೇಗೆ ಅನುಕೂಲವೋ ಹಾಗೆ ಮಾಡು ಎಂದುಬಿಟ್ಟೆ. ಅವನು ಮನೆಗೆ ಹೋಗಿ ಅತ್ತೆಯನ್ನು ಕೇಳಿಕೊಂಡು ಬಂದು, ಅವ್ವನೂ ಒಪ್ಪೈತೆ, ದಸರಾ ಹಬ್ಬ ಮುಗೀಲಿ ಎಂದ. ಆ ರಾತ್ರಿ ಹಿತ್ತಲಲ್ಲಿ ಮೇಕೆಗೆ ಯಾರೂ ಏನೂ ಹೇಳಲಿಲ್ಲ.

ದಸರಾ ರಜೆಗೆ ಮಗಳು ಬಂದಳು. ಅರವತ್ತಕ್ಕೆ ಗಂಡಹೆಂಡತಿ ಇಬ್ಬರನ್ನೂ ಮಣೆಯ ಮೇಲೆ ಕೂರಿಸಿ ಶಾಂತಿ ಮಾಡಿಸುವುದು ಈಚೆಗೆ ನಮ್ಮಲ್ಲೂ ಶುರುವಾಗಿದೆ. ಹೋದ ವರ್ಷ ಮಗಳು ಅದರ ಮಾತೆತ್ತಿದ್ದಳು. ಈ ಸಲ ಎತ್ತಲಿಲ್ಲ. ಬದಲಿಗೆ ಮೊಬೈಲು ತಂದು ಒಂದು ವಿಡಿಯೋ ತೋರಿಸಿದಳು. ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದ ಆಚೆಯ ಗುಡ್ಡಗಳಲ್ಲಿ ಈ ವರ್ಷದ ಮಳೆಗೆ ಒಂದು ಜಲಪಾತ ಬೀಳುತ್ತಿದೆಯಂತೆ, ಯಾರೋ ಹುಡುಗರು ಹಾಡು ಹಾಕಿ ಬಿಟ್ಟಿದ್ದಾರೆ. ನಿನ್ನ ಬರ್ತ್‌ಡೇಗೆ ಅಲ್ಲಿಗೆ ಹೋಗೋಣ, ಮನೆಯಲ್ಲಿ ಕೂತುಕೊಂಡು ಒಬ್ಬರ ಮುಖ ಒಬ್ಬರು ನೋಡಿ ಅಳೋದು ಬೇಡ ಎಂದಳು. ನಮ್ಮ ಬಯಲುಸೀಮೆಗೂ ಜಲಪಾತಕ್ಕೂ ಏನು ಸಂಬಂಧ ಎಂದು ನಾನು ನಕ್ಕೆ. ಮಗಳು ಒಳಗೆ ಹೋಗಿ ಅಜ್ಜಿಗೂ ತೋರಿಸಿದಳು. ಅತ್ತೆಯ ತವರು ಆ ಗುಡ್ಡಗಳ ಬುಡದ ಹಳ್ಳಿ. ಒಳಗಿನಿಂದ ಮಾತು ಕೇಳಿಸಿತು.

"ಇದಕ್ಕೆ ಜಲಪಾತ ಅಂತಾರೇನೇ? ನಾವು ಅಲ್ಲಿ ಕುರಿ ತೊಳೀತಿದ್ವಿ."

ಬಹಳ ತಿಂಗಳ ಮೇಲೆ ಅವರ ದನಿಯಲ್ಲಿ ನಗು ಇತ್ತು. ಸಾವಾದ ಮನೆಯವರು ವರ್ಷ ತುಂಬುವವರೆಗೆ ಬೆಟ್ಟ ಹತ್ತಬಾರದು ಎಂದು ಪಕ್ಕದ ಮನೆಯವರು ತಡೆದಾಗಲೂ ಉತ್ತರ ಕೊಟ್ಟವರು ಅವರೇ. ದೇವರಿರುವ ಬೆಟ್ಟವಾದರೆ ಹತ್ತಬಾರದು, ಅಲ್ಲಿರುವುದು ಬಂಡೆ, ಬಂಡೆಗೆ ಏನು ಸೂತಕ ಎಂದರಂತೆ. ಹೀಗೆ ಹೋಗುವುದೆಂದಾಯಿತು. ದಾರಿಯಲ್ಲಿ ಮೊಳಕಾಲ್ಮೂರಿನಲ್ಲಿ ಬಾಮೈದನನ್ನೂ ಹತ್ತಿಸಿಕೊಳ್ಳುವುದು, ಸಂಜೆ ವಾಪಸ್ ಬರುವಾಗ ಅತ್ತೆಯನ್ನು ಅವನ ಮನೆಯಲ್ಲಿ ಇಳಿಸಿ ನಾವು ಚಳ್ಳಕೆರೆಗೆ ಬರುವುದು. ಒಂದೇ ಓಡಾಟದಲ್ಲಿ ಎರಡೂ ಆಗಿಬಿಡುತ್ತೆ ಎಂದು ಮಗಳು ಹೇಳಿದಾಗ ನಾನು ತಲೆಯಾಡಿಸಿದೆ.

ಆವತ್ತು ಬೆಳಿಗ್ಗೆ ಅತ್ತೆಯ ಟ್ರಂಕನ್ನು ಕಾರಿನ ಡಿಕ್ಕಿಗೆ ಎತ್ತಿಟ್ಟವನು ನಾನೇ. ಹತ್ತು ವರ್ಷ ಇದ್ದವರ ಟ್ರಂಕು ಅಷ್ಟು ಹಗುರವಾಗಿತ್ತು. ಅದರ ಪಕ್ಕದಲ್ಲಿ ಮಗಳು ಬೇಕರಿಯಿಂದ ತಂದ ಕೇಕಿನ ಡಬ್ಬಿ. ಕಾರು ಓಡಿಸಿದವಳು ಮಗಳು. ನಾನು ಮುಂದೆ, ಅತ್ತೆ ಹಿಂದೆ ನನ್ನ ಬೆನ್ನ ಹಿಂದಿನ ಸೀಟಿನಲ್ಲಿ, ಕನ್ನಡಿಯಲ್ಲೂ ನನಗೆ ಕಾಣದ ಹಾಗೆ. ತಳಕು, ಬಿ.ಜಿ.ಕೆರೆ ದಾಟುವವರೆಗೆ ಮಗಳು ಒಬ್ಬಳೇ ಮಾತಾಡುತ್ತಿದ್ದಳು. ಎರಡೂ ಕಡೆ ಹೊಲಗಳಲ್ಲಿ ಶೇಂಗಾ ಕಿತ್ತು ಗುಡ್ಡೆ ಹಾಕಿದ್ದರು. ಒಳ್ಳೆಯ ವರ್ಷ. ಇಂಥ ವರ್ಷವೇ ಅವಳಿಲ್ಲವಲ್ಲ ಎಂದುಕೊಂಡೆ. ಈಗೀಗ ಏನು ಕಂಡರೂ ಹಾಗೆಯೇ ಅನ್ನಿಸುತ್ತದೆ.

ಮೊಳಕಾಲ್ಮೂರಿನಲ್ಲಿ ಬಾಮೈದನನ್ನು ಹತ್ತಿಸಿಕೊಂಡು, ಸಿದ್ದಾಪುರ ದಾಟಿ ಕಾರು ಹೋಗುವಷ್ಟು ದೂರ ಹೋಗಿ, ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ಅಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಒಬ್ಬ ಮುದುಕನನ್ನು ಅತ್ತೆ ತೆಲುಗಿನಲ್ಲಿ ಮಾತಾಡಿಸಿದರು. ನನ್ನ ಮುಂದೆ ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ನೀರು ಇನ್ನೂ ಬೀಳುತ್ತಿದೆಯಂತೆ ಎಂದು ಮೊಮ್ಮಗಳಿಗೆ ಹೇಳಿದರು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಸೀರೆಯನ್ನು ಸ್ವಲ್ಪ ಮೇಲಕ್ಕೆ ಸಿಕ್ಕಿಸಿಕೊಂಡು ಹೊರಟರು.

ದಾರಿ ಎಂದರೆ ಕುರಿ ನಡೆದು ಆದ ದಾರಿ. ದೊಡ್ಡ ದೊಡ್ಡ ಗುಂಡುಗಳ ನಡುವೆ ಸುತ್ತಿಕೊಂಡು ಮೇಲಕ್ಕೆ ಹೋಗುತ್ತದೆ. ಮಗಳೂ ಬಾಮೈದನೂ ಕೇಕು, ಬುತ್ತಿ ಹಿಡಿದುಕೊಂಡು ಬೇಗ ಬೇಗ ಹತ್ತಿ ಮರೆಯಾದರು. ನನಗೆ ಮೊಣಕಾಲು ನೋವು. ಅತ್ತೆಗೆ ಎಪ್ಪತ್ತೈದರ ಮೇಲೆ. ನಿಧಾನದವರು ನಾವಿಬ್ಬರೇ ಹಿಂದೆ ಉಳಿದೆವು.

ಈಗ ಫಜೀತಿ ಶುರುವಾಯಿತು. ಅಳಿಯನನ್ನು ದಾಟಿ ಅತ್ತೆ ಮುಂದೆ ಹೋಗುವ ಹಾಗಿಲ್ಲ. ನಾನು ದಮ್ಮು ಹತ್ತಿ ನಿಂತರೆ ಹಿಂದೆ ಅವರೂ ನಿಲ್ಲುವರು, ಪಕ್ಕದ ಗಿಡದ ಕಡೆ ಮುಖ ತಿರುಗಿಸಿಕೊಂಡು. ಅವರಿಗೆ ದಣಿವಾಯಿತೇನೋ ಎಂದು ನಾನು ನಿಂತರೆ, ನನಗೆ ದಣಿವಾಗಿದೆ ಎಂದುಕೊಂಡು ಅವರು ಕಾಯುವರು. ಹೀಗೆ ಯಾರಿಗೂ ಬೇಡದ ಜಾಗದಲ್ಲಿ, ಬಿಸಿಲಲ್ಲಿ, ಇಬ್ಬರೂ ಸುಮ್ಮನೆ ನಿಂತಿದ್ದೆವು.

ಒಂದು ಕಡೆ ದಾರಿ ಎರಡಾಯಿತು. ಮಗಳನ್ನು ಕೂಗಿದೆ, ಉತ್ತರವಿಲ್ಲ. ಹಿಂದೆ ಅತ್ತೆ ಒಮ್ಮೆ ಕೆಮ್ಮಿದರು. ಕೆಮ್ಮಿನಿಂದ ಎಡವೋ ಬಲವೋ ಹೇಗೆ ಗೊತ್ತಾಗಬೇಕು? ಎಡಕ್ಕೆ ಹೆಜ್ಜೆ ಇಟ್ಟೆ. ಟಪ್ ಎಂದು ಒಂದು ಸಣ್ಣ ಕಲ್ಲು ಬಂದು ನನ್ನ ಎಡಗಡೆ ಬಿತ್ತು. ನಿಂತೆ. ಮತ್ತೆ ಅತ್ತಲೇ ಕಾಲಿಟ್ಟೆ. ಇನ್ನೊಂದು ಕಲ್ಲು ಬಿತ್ತು. ಆಗ ಅರ್ಥವಾಯಿತು. ದಾರಿ ತಪ್ಪುವ ಕುರಿಯನ್ನು ತಿರುಗಿಸುವವರು ಕುರಿಗೆ ಹೊಡೆಯುವುದಿಲ್ಲ. ಅದು ಹೋಗಬಾರದ ಕಡೆ ಕಲ್ಲು ಎಸೆಯುತ್ತಾರೆ. ನಾನು ಬಲಕ್ಕೆ ತಿರುಗಿದೆ. ಕಲ್ಲು ನಿಂತಿತು. ಆಮೇಲೆ ಇನ್ನೂ ಎರಡು ಕಡೆ ಹೀಗೆಯೇ ನನ್ನನ್ನು ತಿರುಗಿಸಿದರು. ಅರವತ್ತು ತುಂಬಿದ ದಿನ ನಾನು ಕುರಿಯ ಹಾಗೆ ನಡೆದೆ. ನಿಜ ಹೇಳಬೇಕೆಂದರೆ ಅವಳು ಹೋದ ಮೇಲೆ ಅಷ್ಟು ನಿಶ್ಚಿಂತೆಯಿಂದ ನಾನು ಎಲ್ಲಿಗೂ ನಡೆದಿರಲಿಲ್ಲ.

ನೀರಿನ ಸದ್ದು ಕೇಳತೊಡಗಿತು. ದಾರಿ ಒಂದು ಅಗಲವಾದ ಹಾಸುಬಂಡೆಯ ಮೇಲೆ ಬಂತು. ಮೇಲಿನಿಂದ ತೆಳ್ಳಗೆ ನೀರು ಹರಿದು ಬಂಡೆ ಒದ್ದೆಯಾಗಿತ್ತು. ಒಂದು ಕಡೆ ಕೆಳಗೆ ಆಳವಾದ ಕೊರಕಲು. ನಾನು ಸದ್ದಿನ ಕಡೆಗೇ ನೋಡುತ್ತಾ ಒದ್ದೆ ಬಂಡೆಗೆ ಕಾಲು ಚಾಚಿದೆ.

"ಅಳಿಯಂದ್ರೇ, ನಿಲ್ರಿ! ಅಲ್ಲಿ ಕಾಲಿಡಬ್ಯಾಡ್ರಿ, ಪಾಚಿ ಐತೆ."

ಕಾಲು ಗಾಳಿಯಲ್ಲೇ ನಿಂತಿತು. ಹಿಂದಕ್ಕೆ ತೆಗೆದುಕೊಂಡೆ. ತಿರುಗಿ ನೋಡಿದೆ. ಅತ್ತೆಯ ತಲೆಯ ಮೇಲೆ ಸೆರಗಿರಲಿಲ್ಲ, ಕೂಗುವ ರಭಸಕ್ಕೆ ಜಾರಿತ್ತು. ಒಂದು ಕೈ ಮುಂದಕ್ಕೆ ಚಾಚಿಕೊಂಡೇ ಇತ್ತು. ಅವರ ಮುಖವನ್ನು ನಾನು ಹತ್ತಿರದಿಂದ, ಎದುರಿನಿಂದ ಸರಿಯಾಗಿ ನೋಡಿದ್ದು ಆವತ್ತೇ. ಹಣೆ, ಹುಬ್ಬು, ಎಲ್ಲ ಅವಳದೇ ಇತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಅದು ಗೊತ್ತಿರಲಿಲ್ಲ.

ಅವರು ಅಲ್ಲೇ ಒಣಬಂಡೆಯ ಮೇಲೆ ಕೂತುಬಿಟ್ಟರು. ನಾನೂ ಸ್ವಲ್ಪ ದೂರದಲ್ಲಿ ಕೂತೆ. ಅವರು ಸೆರಗು ಸರಿಮಾಡಿಕೊಂಡು, ಕೆಳಗಿನ ಬಯಲಿನ ಕಡೆ ಮುಖ ಮಾಡಿ, ಬಾಯಿ ತಪ್ಪಿ ಬಂತು, ತಪ್ಪು ತಿಳೀಬ್ಯಾಡ್ರಿ ಎಂದರು. ನೀವು ಕೂಗದಿದ್ದರೆ ಬಿದ್ದಿರುತ್ತಿದ್ದೆ ಎಂದೆ ನಾನು. ಇನ್ನು ಅವರು ಎದ್ದು ಮತ್ತೆ ಹಿಂದೆ ಸರಿದು ನಿಲ್ಲುತ್ತಾರೆ, ನಾನು ಮುಂದೆ ಹೋಗುತ್ತೇನೆ, ಸಂಜೆ ಮೊಳಕಾಲ್ಮೂರಿನಲ್ಲಿ ಇಳಿಯುತ್ತಾರೆ. ಈಗ ಕೇಳದಿದ್ದರೆ ಇನ್ನು ಕೇಳುವುದಿಲ್ಲ ಎಂದು ನನಗೆ ತಿಳಿಯಿತು. ಹೆಣ್ಣು ನೋಡಲು ಹೋದಾಗಲೂ ಅಷ್ಟು ಹೆದರಿರಲಿಲ್ಲ.

"ಹೋಗ್ಲೇಬೇಕೇನ್ರಿ ಅತ್ತೆ?"

ಅವರು ಕಂಬಳಿಯ ಅಂಚನ್ನು ಹಿಡಿದು ತೀಡುತ್ತಾ ಕೂತಿದ್ದರು.

"ನೀವು ಹೋಗ್ಲಿ ಅಂದ್ರಲ್ಲ."

"ನಾನೆಲ್ಲಿ ಅಂದೆ?"

"ಹಂಗಂತ ನನ್ನ ಮಗ ಅಂದ. ಇಲ್ಲಿದ್ರೆ ಭಾವಂಗೆ ಕಷ್ಟ ಅವ್ವ ಅಂದ."

"ನಿಮಗೆ ಹೆಂಗೆ ಅನುಕೂಲಾನೋ ಹಂಗೆ ಅಂತ ಅಂದೆ ನಾನು, ಅಷ್ಟೇ."

ಈಗ ಅವರು ನನ್ನ ಕಡೆ ತಿರುಗಿದರು.

"ನಾನೂ ಅದನ್ನೇ ಅಂದೆ ಕಣ್ರಿ. ಅವರು ಹೆಂಗಂತಾರೋ ಹಂಗೆ ಅಂದೆ."

ನೀರಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಬಾಮೈದನದು ಏನು ತಪ್ಪು? ಎರಡೂ ಕಡೆಯಿಂದ ಬೇಡ ಎಂಬ ಮಾತು ಬರಲಿಲ್ಲ, ಅವನು ಒಪ್ಪಿಗೆ ಎಂದುಕೊಂಡ. ಮರ್ಯಾದೆ ಬಿಡಬಾರದೆಂದು ನಾವಿಬ್ಬರೂ ಅಷ್ಟು ಎಚ್ಚರದಿಂದ ಮಾತಾಡಿದ್ದೆವು.

"ನಿಮಗೆ ನಾನು ಭಾರ ಅಲ್ವೇನ್ರಿ?" ಎಂದರು ಅತ್ತೆ. "ನಿಜ ಹೇಳ್ರಿ. ಮಗಳಿದ್ದಾಗ ಬೇರೆ ಮಾತು."

"ನೀವು ಹೋದ್ರೆ ಅವಳ ವಿಷಯ ಮಾತಾಡೋಕೆ ನನಗೆ ಯಾರಿದಾರೆ ಅತ್ತೆ?"

"ಮಾತಾಡೇ ಇಲ್ವಲ್ಲ ನಾವು."

"ಇನ್ನು ಮೇಲೆ ಮಾತಾಡಣ."

ಅವರು ಅಳಲಿಲ್ಲ. ನಾನೂ ಅಳಲಿಲ್ಲ. ಆರು ತಿಂಗಳಿಂದ ಹೆಗಲ ಮೇಲೆ ಹೊತ್ತಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಬಂದು ಎತ್ತಿ ಇಳಿಸಿಕೊಂಡ ಹಾಗಾಯಿತು. ಅಂಗಡಿಯಲ್ಲಿ ಹಿಂಡಿ ಮೂಟೆ ಇಳಿಸಿದ ಮೇಲೆ ಸ್ವಲ್ಪ ಹೊತ್ತು ಮೈ ತಾನಾಗಿ ಮೇಲಕ್ಕೇಳುತ್ತದಲ್ಲ, ಹಾಗೆ. ಅತ್ತೆ ಎದ್ದು ಕಂಬಳಿ ಕೊಡವಿದರು. ಈ ಸಲ ಅವರೇ ಮುಂದೆ ನಡೆದರು. ಒಣಗಿದ ಕಲ್ಲು ನೋಡಿ ನೋಡಿ ಕಾಲಿಡುತ್ತಾ, ನಾನಿಟ್ಟಲ್ಲೇ ಇಡ್ರಿ ಎಂದು ಹಿಂದೆ ತಿರುಗದೆ ಹೇಳಿದರು.

ಆ ಜಲಪಾತ ನೋಡಿ ನನಗೆ ನಗು ಬಂತು. ಎರಡಾಳು ಎತ್ತರದ ಬಂಡೆಯಿಂದ ಒಂದು ಸೀರೆಯ ಅಗಲಕ್ಕೆ ನೀರು ಬೀಳುತ್ತಿತ್ತು. ಕೆಳಗೆ ಕಲ್ಲು ಸವೆದು ಆದ ಒಂದು ದೊಣೆ, ಮೊಣಕಾಲುದ್ದ ನೀರು. ವಿಡಿಯೋದಲ್ಲಿ ಹುಡುಗರು ಅದನ್ನು ಎಲ್ಲಿಂದ ಹಿಡಿದು ಅಷ್ಟು ದೊಡ್ಡದು ಮಾಡಿದ್ದರೋ. ಆದರೆ ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಕಲ್ಲಿನ ಮೇಲಿಂದ ನೀರು ಬೀಳುವುದೆಂದರೆ ಅಷ್ಟಿದ್ದರೂ ಸಾಕು. ಮಗಳು ಆಗಲೇ ಪ್ಯಾಂಟು ಮಡಿಚಿ ದೊಣೆಗಿಳಿದಿದ್ದಳು. ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಬಾಮೈದ ಕೇಳಿದ.

ಉತ್ತರ ಕೊಟ್ಟವರು ಅತ್ತೆ. ಎಲ್ಲರೆದುರಿಗೆ, ನನ್ನ ಪಕ್ಕದಲ್ಲೇ ನಿಂತು, ನಾನೂ ಅಳಿಯಂದಿರೂ ಮಾತಾಡ್ಕೊಂಡು ಬಂದ್ವಿ ಎಂದರು. ಮಗಳು ನೀರಿನಲ್ಲಿ ಹಾಗೇ ನಿಂತು ನಮ್ಮಿಬ್ಬರನ್ನೂ ನೋಡಿದಳು. ಬಾಮೈದನ ಕೈಯಲ್ಲಿ ಬುತ್ತಿಯ ಗಂಟು ಬಿಚ್ಚದೆ ಉಳಿಯಿತು. ಟ್ರಂಕು ಇಳಿಸೋದು ಬ್ಯಾಡ, ನಾನು ಚಳ್ಳಕೆರೆಗೇ ಹೋಗ್ತೀನಿ ಎಂದು ಅತ್ತೆ ಮಗನಿಗೆ ಹೇಳಿದರು. ಅವನ ಮುಖ ಸ್ವಲ್ಪ ಸಣ್ಣದಾಯಿತು. ಆಗದೆ ಇರುತ್ತದೆಯೇ.

"ನಿನಗೆ ಮಗನಿಗಿಂತ ಅಳಿಯನೇ ಹೆಚ್ಚಾದ್ನೇನವ್ವ?" ಎಂದ.

"ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ ಸುಮ್ಕಿರಲೇ. ನಿನ್ನ ಮನೇಲಿ ಸೊಸೆ ಅದಾಳೆ, ಮಕ್ಕಳದಾವೆ. ಅಲ್ಲಿ ಯಾರದಾರೆ ಹೇಳು."

ಅವನು ನನ್ನ ಹತ್ತಿರ ಬಂದು, ಮಗ್ಗ ಸುಮ್ಮನೆ ಕಿತ್ತು ಹಿಂದಕ್ಕೆ ಹಾಕಿಸಿದೆ ನೋಡಿ ಭಾವ, ಮೊದಲೇ ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದ. ಹೇಳಲು ನಮಗೇ ಗೊತ್ತಿರಲಿಲ್ಲ ಕಣಪ್ಪ ಎಂದೆ. ಹಬ್ಬಹುಣ್ಣಿಮೆಗೆ ಅತ್ತೆಯನ್ನು ನಾನೇ ಕರೆದುಕೊಂಡು ಬರುತ್ತೇನೆ ಎಂದೂ ಹೇಳಿದೆ. ಅವನು ಹೂಂ ಎಂದು, ನನ್ನ ತೋಳು ಹಿಡಿದು, ಬಟ್ಟೆ ಸಮೇತ ನೀರಿನ ಕೆಳಗೆ ಎಳೆದುಕೊಂಡು ಹೋಗಿ ನಿಲ್ಲಿಸಿಬಿಟ್ಟ. ಅವನ ಸಿಟ್ಟೂ ಪ್ರೀತಿಯೂ ಅದರಲ್ಲೇ ಮುಗಿಯಿತು ಎಂದುಕೊಂಡಿದ್ದೇನೆ.

ನೀರು ತಣ್ಣಗಿತ್ತು. ಅದರ ಜೊತೆ ಮರಳು, ಕಡ್ಡಿ, ಕೊಳೆತ ಎಲೆ ಎಲ್ಲ ತಲೆಯ ಮೇಲೆ ಬೀಳುತ್ತಿತ್ತು. ಉಸಿರು ಕಟ್ಟಿದ ಹಾಗಾಗಿ ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ಕಿವಿಯ ತುಂಬ ಸದ್ದು. ಅವಳ ಕಾಯಿಲೆಯ ಎರಡು ವರ್ಷ ಮತ್ತು ಆಮೇಲಿನ ಆರು ತಿಂಗಳು ನನ್ನ ತಲೆಯಲ್ಲಿ ಯಾವಾಗಲೂ ಏನಾದರೊಂದು ಓಡುತ್ತಿತ್ತು. ಡಾಕ್ಟರು ಹೇಳಿದ್ದು, ಹೇಳದೆ ಬಿಟ್ಟದ್ದು, ಇನ್ನೊಂದು ವಾರ ಮುಂಚೆ ಹೋಗಿದ್ದರೆ ಎಂಬಂಥವು. ನೀರಿನ ಕೆಳಗೆ ನಿಂತಷ್ಟು ಹೊತ್ತು ಯಾವುದೂ ಕೇಳಿಸಲಿಲ್ಲ. ಹೊರಗೆ ಬಂದ ಮೇಲೂ ಬಹಳ ಹೊತ್ತು ಅವು ವಾಪಸ್ ಬರಲಿಲ್ಲ.

ಕೇಕು ದಾರಿಯ ಕುಲುಕಾಟಕ್ಕೆ ಡಬ್ಬಿಯ ಒಂದು ಮೂಲೆಗೆ ಸೇರಿ ಮುದ್ದೆಯಾಗಿತ್ತು. ಮಗಳು ಅದರ ಮೇಲೆ ಮೇಣದ ಬತ್ತಿ ನಿಲ್ಲಿಸಲು ನೋಡಿದಳು, ಗಾಳಿಗೆ ಹತ್ತಲಿಲ್ಲ. ಕೊನೆಗೆ ಎಲ್ಲರೂ ಕೈ ಹಾಕಿ ತಿಂದೆವು. ಅತ್ತೆ ಬೆರಳಿಗೆ ಹತ್ತಿದ ಕ್ರೀಮನ್ನು ನೋಡಿ, ಇದು ಡಾಲ್ಡಾನೇ ಕಣೇ ಎಂದರು. ಆಮೇಲೆ ಬುತ್ತಿ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ. ಕಂಬಳಿ ಹಾಸಿ ಕೂತು ತಿನ್ನುತ್ತಿರುವಾಗ ಅತ್ತೆ, ಯಾರೂ ಕೇಳದೆ, ಅವಳ ಒಂದು ಕತೆ ಹೇಳಿದರು. ಸಣ್ಣವಳಿದ್ದಾಗ ಅಜ್ಜಿಯ ಊರಿಗೆ ಬಂದವಳು ಇದೇ ದೊಣೆಗೆ ಒಂದು ಮರಿಯನ್ನು ತೊಳೆಯಲು ತಂದು, ತೊಳೆದ ಮರಿ ಬೆಳ್ಳಗಾದದ್ದು ಕಂಡು, ಇದು ನಮ್ಮದಲ್ಲ, ಬೇರೆಯವರದು ಎಂದು ಅಲ್ಲೇ ಬಿಟ್ಟು ಅಳುತ್ತಾ ಮನೆಗೆ ಬಂದಿದ್ದಳಂತೆ. ಇಷ್ಟು ವರ್ಷ ಸಂಸಾರ ಮಾಡಿದರೂ ಅವಳು ಅದನ್ನು ನನಗೆ ಹೇಳಿರಲಿಲ್ಲ. ಮಗಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನು ಅವಳ ಹೊಸದೊಂದು ಸುದ್ದಿ ಕೇಳಿದವನಂತೆ ಕೂತಿದ್ದೆ. ಇನ್ನು ಅವಳ ಬಗ್ಗೆ ಹೊಸದಾಗಿ ಕೇಳುವುದು ಏನೂ ಇರುವುದಿಲ್ಲ ಎಂದುಕೊಂಡಿದ್ದೆ ನಾನು.

ಸಂಜೆ ಮೊಳಕಾಲ್ಮೂರಿನಲ್ಲಿ ಬಾಮೈದನ ಮನೆಗೆ ಹೋದೆವು. ಅವನ ಹೆಂಡತಿ ಅತ್ತೆಗೆಂದು ಮುಂದಿನ ಕೋಣೆಯಲ್ಲಿ ಹೊಸ ಚಾಪೆ, ದಿಂಬು ಎಲ್ಲ ಇಟ್ಟಿದ್ದಳು. ಸುದ್ದಿ ಕೇಳಿ ಅವಳಿಗೂ ಬೇಜಾರಾಯಿತು. ಅತ್ತೆ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಏನೋ ಹೇಳಿದರು. ಹೊರಗೆ ಬಂದಾಗ ಇಬ್ಬರೂ ಸಮಾಧಾನವಾಗಿದ್ದರು. ದೀಪಾವಳಿಗೆ ಬಂದು ಒಂದು ವಾರ ಇರುವುದೆಂದು ಮಾತಾಯಿತು. ಹೊರಡುವಾಗ ಅವಳು ಆ ದಿಂಬನ್ನು ಕಾರಿನ ಹಿಂದಿನ ಸೀಟಿಗೆ ಹಾಕಿದಳು.

ಕತ್ತಲಾಗುವ ಹೊತ್ತಿಗೆ ತಳಕಿನಲ್ಲಿ ಮಗಳು ಕಾರು ನಿಲ್ಲಿಸಿದಳು, ಟೀ ಬೇಕು ಎಂದು. ರಸ್ತೆ ಬದಿಯ ಅಂಗಡಿ, ಹೊರಗೆ ಎರಡು ಬೆಂಚು. ನಾನು ಒಂದರಲ್ಲಿ ಕೂತೆ. ಅತ್ತೆ ಕಾರಿನಿಂದ ಇಳಿದು, ಒಂದು ಕ್ಷಣ ನಿಂತು, ಎದುರಿನ ಬೆಂಚಿನಲ್ಲಿ ಬಂದು ಕೂತರು. ಮಗಳು ಫೋನಿನಲ್ಲಿ ಮಾತಾಡುತ್ತಾ ಆಚೆ ಹೋದಳು. ಅಂಗಡಿಯವನು ಟೀ ತಂದಿಟ್ಟ. ಅತ್ತೆ ಲೋಟವನ್ನು ಸೆರಗಿನಲ್ಲಿ ಹಿಡಿದು ಒಂದು ಗುಟುಕು ಕುಡಿದು, ಸಕ್ಕರೆ ಜಾಸ್ತಿ ಆಯ್ತು ಎಂದರು. ನನಗೇ ಹೇಳಿದರು. ಹೌದು, ಜಾಸ್ತಿ ಆಯಿತು ಎಂದೆ. ಬಳ್ಳಾರಿ ಕಡೆಯ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು.

"ನಾಳೆ ಮಧ್ಯಾಹ್ನಕ್ಕೆ ಏನು ಮಾಡ್ಲಿ?" ಎಂದು ಕೇಳಿದರು.

"ಏನಾದ್ರೂ ಮಾಡ್ರಿ ಅತ್ತೆ."

"ಏನಾದ್ರೂ ಅಂದ್ರೆ ಏನಂತ ಮಾಡೋದ್ರಿ? ಯಾವಾಗ ಕೇಳಿದ್ರೂ ಏನಾದ್ರೂ ಅಂತಾರವ್ವ ಅಂತ ನನ್ನ ಮಗಳು ದಿನಾ ಬಯ್ಕೋತಿದ್ಲು. ಅದೆಷ್ಟು ನಿಜ ಅಂತ ಈಗ ಗೊತ್ತಾಯ್ತು ನೋಡ್ರಿ."

ನಾನು ನಕ್ಕೆ. ಅವರು ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದರು. ಸ್ವಲ್ಪ ಯೋಚಿಸಿ, ಹುರುಳಿಕಾಳು ಬಸ್ಸಾರು, ಮುದ್ದೆ ಎಂದೆ. ಅವರು ತಲೆಯಾಡಿಸಿ, ಹಂಗಾದ್ರೆ ಮನೆಗೆ ಹೋದ ತಕ್ಷಣ ಹುರುಳಿ ನೆನೆಸಬೇಕು, ಬೇಗ ಕುಡೀರಿ ಎಂದು ಲೋಟ ಕೆಳಗಿಟ್ಟು ಎದ್ದರು.